ಸ್ಪೀಕರ್ ಬಿಚ್ಚುವ ಮುನ್ನ ಮೀಟರ್ ಹಿಡಿಯಿರಿ

ಸಂಪಾದಕರಿಗೆ,

ಮಾನ್ಯರೇ,

ದುಬಾರಿ ಸ್ಪೀಕರುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಐದು ಲಕ್ಷ ರೂಪಾಯಿಯ ವಿದೇಶಿ ಜೋಡಿಯೊಂದರ ಬೆನ್ನು ಬಿಚ್ಚಿದ ಲೇಖಕರು ಒಳಗೆ ಸಿಮೆಂಟ್ ರೆಸಿಸ್ಟರ್, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ತೆಳ್ಳನೆಯ ವೈರು ಕಂಡು ಹೌಹಾರಿದ್ದಾರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಸಾಮಾನು ಹಾಕಿ ಲಕ್ಷಗಟ್ಟಲೆ ಕೀಳುತ್ತಾರೆ, ಮಾಲೀಕರು ಅದನ್ನೆಲ್ಲ ಕಿತ್ತು ಒಳ್ಳೆಯ ಕಂಪನಿಯದು ಹಾಕಿಕೊಂಡರೆ ಸ್ಪೀಕರಿಗೆ ಮರುಜನ್ಮ ಬರುತ್ತದೆ ಎಂದು ಬರೆದಿದ್ದಾರೆ. ಅದು ಅಚ್ಚಾದ ಮೇಲೆ ನನಗೆ ಬರುತ್ತಿರುವ ಫೋನುಗಳೆಲ್ಲ ಒಂದೇ ಥರ: ‘ಮೇಡಂ, ನಮ್ಮದನ್ನೂ ಬಿಚ್ಚಿ ಬದಲಾಯಿಸಿ ಕೊಡ್ತೀರಾ?’ ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ನಿಮಗೇ ಬರೆಯುವುದು ಮೇಲೆನಿಸಿತು.

ನಾನು ಬೆಂಗಳೂರಿನ ಸಾರ್ವಜನಿಕ ರಂಗದ ಕಾರ್ಖಾನೆಯೊಂದರಲ್ಲಿ ಹೊರಗಿನಿಂದ ಬರುವ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೆಪಾಸಿಟರ್, ರೆಸಿಸ್ಟರ್, ಕಾಯಿಲ್ ಲಾರಿಯಲ್ಲಿ ಬಂದಿಳಿದರೆ ಮೊದಲು ನಮ್ಮ ಮೇಜಿಗೆ. ಪ್ರತಿ ಲಾಟಿನಿಂದ ಸ್ಯಾಂಪಲ್ ಎತ್ತಿ ಅಳೆಯುವುದು, ಓವನ್ನಿನಲ್ಲಿ ಬಿಸಿ ಮಾಡಿ ಮತ್ತೆ ಅಳೆಯುವುದು, ಹೇಳಿದ ಮಿತಿಯೊಳಗಿದ್ದರೆ ಒಳಕ್ಕೆ, ಇಲ್ಲದಿದ್ದರೆ ಇಡೀ ಲಾಟ್ ವಾಪಸ್. ಈಗ ಮತ್ತಿಕೆರೆಯ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಸ್ಪೀಕರ್ ರಿಪೇರಿ ಮಾಡುತ್ತೇನೆ. ಸಂಗೀತದ ಹುಚ್ಚು ಯಜಮಾನರದು, ಸೋಲ್ಡರಿಂಗ್ ಐರನ್ ನನ್ನದು.

ಆ ಪರೀಕ್ಷೆಯ ಮೇಜಿನ ಮೇಲೆ ಬೆಲೆಪಟ್ಟಿ ಇಡುತ್ತಿರಲಿಲ್ಲ. ಚಿನ್ನದ ಬಣ್ಣದ ಕವಚದಲ್ಲಿ ಬಂದ ದುಬಾರಿ ಮಾಲು ಶೇ 8ರಷ್ಟು ಆಚೀಚೆ ಇದ್ದು ವಾಪಸ್ ಹೋಗಿದ್ದುಂಟು. ನೋಡಲು ದಿಕ್ಕಿಲ್ಲದಂತಿದ್ದ ಮಾಲು ಶೇ 1ರೊಳಗೆ ನಿಂತು ಪಾಸಾಗಿದ್ದೂ ಉಂಟು. ಬಿಡಿಭಾಗದ ಗುಣಮಟ್ಟ ಅಂದರೆ ನಮಗೆ ಮೂರೇ ಪ್ರಶ್ನೆ. ಮೇಲೆ ಬರೆದಷ್ಟು ಬೆಲೆ ಒಳಗೆ ಇದೆಯೇ? ಈ ತಿಂಗಳಿನದಕ್ಕೂ ಬರುವ ವರ್ಷದ್ದಕ್ಕೂ ಹೊಂದಾಣಿಕೆ ಇರುತ್ತದೆಯೇ? ಬಿಸಿ, ವಯಸ್ಸು ಎರಡನ್ನೂ ತಡೆಯುತ್ತದೆಯೇ? ಇಲ್ಲಿ ಬೆಲೆ ಅಂದರೆ ಅಳತೆ: ಕೆಪಾಸಿಟರಿಗೆ ಮೈಕ್ರೋಫ್ಯಾರಡ್, ರೆಸಿಸ್ಟರಿಗೆ ಓಮ್, ಕಾಯಿಲಿಗೆ ಮಿಲಿಹೆನ್ರಿ. ರೂಪಾಯಿಯ ಲೆಕ್ಕ ಪರ್ಚೇಸ್ ವಿಭಾಗದ್ದು.

ಸಿಮೆಂಟ್ ರೆಸಿಸ್ಟರನ್ನೇ ನೋಡಿ. ಲೇಖಕರಿಗೆ ಅದರ ಮೇಲೆ ತುಂಬ ಸಿಟ್ಟು. ಬಿಳಿ ಸೆರಾಮಿಕ್ ಡಬ್ಬಿಯೊಳಗೆ ಸುತ್ತಿದ ತಂತಿ ಇಟ್ಟು ಮರಳು ಸಿಮೆಂಟ್ ತುಂಬಿದ ವಸ್ತು ಅದು. 5 ವಾಟ್, 10 ವಾಟ್ ಶಾಖ ನುಂಗಿಕೊಂಡು ತೆಪ್ಪಗಿರುತ್ತದೆ. ಟ್ವೀಟರಿನ (ತಾರದ ಸದ್ದು ಹೊರಡಿಸುವ ಸಣ್ಣ ಭಾಗ) ಸದ್ದು ವೂಫರಿಗಿಂತ (ಮಂದ್ರದ್ದನ್ನು ಹೊರಡಿಸುವ ದೊಡ್ಡ ಭಾಗ) ಜಾಸ್ತಿಯಾದರೆ ಅದನ್ನು ತಗ್ಗಿಸಲು ಹಾಕುತ್ತಾರೆ. ತಂತಿ ಸುತ್ತಿರುವುದರಿಂದ ಕಾಯಿಲಿನ ಗುಣ, ಅಂದರೆ ಇಂಡಕ್ಟನ್ಸ್, ಅಲ್ಪಸ್ವಲ್ಪ ಇರುತ್ತದೆ ನಿಜ. ಆದರೆ ನಾಲ್ಕೈದು ಓಮಿನ ರೆಸಿಸ್ಟರಿನಲ್ಲಿ ಅದು 20,000 ಹರ್ಟ್ಸ್‌ನಲ್ಲೂ ಲೆಕ್ಕಕ್ಕೆ ಬಾರದು. ಇನ್ನು, ಲೇಖನದ ಎರಡನೆಯ ಚಿತ್ರದಲ್ಲಿ ಬಾಣ ಹಾಕಿ ‘ಅಗ್ಗದ ಕೆಪಾಸಿಟರ್’ ಎಂದು ತೋರಿಸಿರುವುದು ಕೆಪಾಸಿಟರ್ ಅಲ್ಲ, ಕಾಯಿಲ್. ದಯವಿಟ್ಟು ತಿದ್ದುಪಡಿ ಹಾಕಿ.

ಬಿಡಿಭಾಗದ ಗುಣಮಟ್ಟಕ್ಕೆ ನಿಜವಾಗಿ ತಲೆಕೆಡಿಸಿಕೊಂಡವರು ಹೇಗೆ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ಬಿಬಿಸಿಯ ‘ಎಲ್‌ಎಸ್3/5ಎ’ ಸ್ಪೀಕರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಧ್ವನಿ ಪರೀಕ್ಷಿಸುವವರಿಗಾಗಿ ಬಿಬಿಸಿಯ ಎಂಜಿನಿಯರುಗಳು ಮಾಡಿದ ಪುಟ್ಟ ಪೆಟ್ಟಿಗೆ. ಎತ್ತರ ಒಂದಡಿ, ಒಳಗಿನ ಜಾಗ ಸುಮಾರು 5 ಲೀಟರ್. ಕೆಇಎಫ್ ಕಂಪನಿಯ ಬಿ110 ವೂಫರ್, ಟಿ27 ಟ್ವೀಟರ್. ಬಿಬಿಸಿ ತಾನೇ ತಯಾರಿಸಿ ಮಾರಲಿಲ್ಲ. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಯಾರೇ ಮಾಡಿದರೂ ಒಂದೇ ಥರ ಕೇಳಬೇಕು ಎನ್ನುವುದು ಷರತ್ತು. ಇಂದು ಕೊಚ್ಚಿಯಲ್ಲಿ ಕೇಳಿದ ಧ್ವನಿಮುದ್ರಣವನ್ನು ನಾಳೆ ಕೋಲ್ಕತ್ತದಲ್ಲಿ ಕೇಳುವವನಿಗೆ ಬೇರೆ ಧ್ವನಿ ಬಂದರೆ ಆ ಸ್ಪೀಕರಿಟ್ಟುಕೊಂಡು ಪ್ರಸಾರದವರು ಏನು ಮಾಡಬೇಕು?

ಇಲ್ಲಿ ಸಮಸ್ಯೆಯೊಂದಿತ್ತು. ಒಂದೇ ಕಾರ್ಖಾನೆಯಿಂದ ಬಂದ ಟ್ವೀಟರುಗಳೂ ತಮ್ಮತಮ್ಮಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಸದ್ದು ಮಾಡುತ್ತವೆ. ಅದಕ್ಕೆ ಅವರು ಕ್ರಾಸ್‌ಓವರಿನ, ಅಂದರೆ ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಸರ್ಕ್ಯೂಟಿನ, ಒಂದು ಕಾಯಿಲನ್ನು ಹಲವು ಟ್ಯಾಪುಗಳ (ಸುತ್ತಿನ ನಡುನಡುವೆ ಹೊರತೆಗೆದ ತುದಿಗಳ) ಆಟೋಟ್ರಾನ್ಸ್‌ಫಾರ್ಮರ್ ಆಗಿ ಸುತ್ತಿಸಿದರು. ಟ್ವೀಟರ್ ಎಷ್ಟು ಜೋರಾಗಿದೆ ಎಂದು ಅಳೆದು, ಅದಕ್ಕೆ ಹೊಂದುವ ಟ್ಯಾಪಿಗೆ ಜೋಡಿಸಿ, ಜೋಡಿ ಜೋಡಿಯಾಗಿ ಹೊರಗೆ ಕಳಿಸುತ್ತಿದ್ದರು. ಅಂದರೆ ಒಬ್ಬೊಬ್ಬರ ಪೆಟ್ಟಿಗೆಯಲ್ಲೂ ಆ ಬೆಸುಗೆ ಬೇರೆ ಬೇರೆ ಜಾಗದಲ್ಲಿರಬಹುದು. ಇದರಲ್ಲಿನ ಕಾಯಿಲುಗಳು ಏರ್ ಕೋರ್ (ನಡುವೆ ಬರೀ ಗಾಳಿ ಇರುವವು) ಕೂಡ ಅಲ್ಲ, ಕಬ್ಬಿಣದ ಪಟ್ಟಿ ಜೋಡಿಸಿದ ಕೋರಿನವು. ನಿಮ್ಮ ಲೇಖಕರ ಲೆಕ್ಕದಲ್ಲಿ ಅದು ಅಗ್ಗದ ಮಾಲು. ಟ್ವೀಟರಿನ ಸುತ್ತ ನಾಲ್ಕು ಪಟ್ಟಿ ದಪ್ಪನೆಯ ಫೆಲ್ಟ್ ಅಂಟಿಸಿರುತ್ತಾರೆ. ಪೆಟ್ಟಿಗೆಯ ಅಂಚಿಗೆ ಬಡಿದು ಚದುರುವ ಸದ್ದನ್ನು ಅದು ಹೀರಿಕೊಳ್ಳುತ್ತದೆ. ಟ್ವೀಟರಿನ ಮೇಲಿನ ತೂತು ತೂತಿನ ಲೋಹದ ಮುಚ್ಚಳ, ಮುಂದಿನ ಬಟ್ಟೆ, ಇವೂ ವಿನ್ಯಾಸದ ಭಾಗವೇ.

ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಲಂಡನ್ನಿನಲ್ಲಿರುವ ಅಣ್ಣನಿಂದ ಬಂದ ಇದೇ ಎಲ್‌ಎಸ್3/5ಎ ಜೋಡಿಯನ್ನು ನನ್ನಲ್ಲಿಗೆ ತಂದಿದ್ದರು. ಯಾರೋ ಪುಣ್ಯಾತ್ಮರು ಫೆಲ್ಟ್ ಕಿತ್ತೆಸೆದು, ಗಮ್ ಕೆರೆದು, ಪಾಲಿಶ್ ಮಾಡಿದ್ದರು. ಒಂದು ಪೆಟ್ಟಿಗೆಯ ಆಟೋಟ್ರಾನ್ಸ್‌ಫಾರ್ಮರ್ ತೆಗೆದು ದಪ್ಪ ತಾಮ್ರದ ಏರ್ ಕೋರ್ ಕಾಯಿಲ್ ಹಾಕಿದ್ದರು. ‘ಅಪ್‌ಗ್ರೇಡ್ ಆಗಿದೆ ಮೇಡಂ, ಆದರೆ ಹಾಡುವವರು ಎಡಗಡೆ ಸರಿದು ಕೂತ ಹಾಗೆ ಕೇಳುತ್ತೆ’ ಎಂದರು ಅವರು. ಸರಿಯದೆ ಇನ್ನೇನು, ಎರಡು ಟ್ವೀಟರುಗಳು ಎರಡು ಮಟ್ಟದಲ್ಲಿ ಹಾಡುತ್ತಿದ್ದವು. ಮೂಲ ಕಾಯಿಲ್ ಕಸಕ್ಕೆ ಹೋಗಿತ್ತು. ಹಾಗೇ ವಾಪಸ್ ಕಳಿಸಬೇಕಾಯಿತು, ಅದೇ ಮಾದರಿಯ ಕ್ರಾಸ್‌ಓವರ್ ಎಲ್ಲಾದರೂ ಸಿಕ್ಕರೆ ತನ್ನಿ ಎಂದೆ.

ಆ ಸ್ಪೀಕರಿನ ಕಥೆಯಲ್ಲೇ ಇನ್ನೊಂದು ಪಾಠವಿದೆ. ವರ್ಷಗಳು ಉರುಳಿದಂತೆ ಬಿ110 ವೂಫರಿನ ಗುಣ ನಿಧಾನವಾಗಿ ಬದಲಾಗುತ್ತ ಬಂತು. 1980ರ ದಶಕದ ಕೊನೆಗೆ ಹಳೆಯ ಕ್ರಾಸ್‌ಓವರಿಗೆ ಅದು ಹೊಂದುವುದೇ ಕಷ್ಟವಾಯಿತು. ಆಗ ಕ್ರಾಸ್‌ಓವರನ್ನೇ ಹೊಸದಾಗಿ ವಿನ್ಯಾಸ ಮಾಡಬೇಕಾಯಿತು, 15 ಓಮಿನ ಸ್ಪೀಕರ್ 11 ಓಮಿನದಾಯಿತು. ಒಂದು ಭಾಗ ಬದಲಾದರೆ ಮಿಕ್ಕದ್ದನ್ನೂ ಕೂಡಿಸಿ ನೋಡಬೇಕು ಎಂದು ಆ ಸ್ಪೀಕರ್ ಮಾಡಿದವರೇ ಒಪ್ಪಿದಂತಾಯಿತು. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತವರು ಅಷ್ಟಾದರೂ ಅಂಜಬೇಡವೇ?

ಈಗ ಕೆಪಾಸಿಟರಿಗೆ ಬರೋಣ, ಫೋನುಗಳೆಲ್ಲ ಬರುವುದು ಅದಕ್ಕೇ. ಟ್ವೀಟರಿನ ದಾರಿಯಲ್ಲಿ ಕೂತ ಕೆಪಾಸಿಟರ್ ಮಂದ್ರದ ಸದ್ದನ್ನು ತಡೆದು ತಾರದ್ದನ್ನು ಒಳಗೆ ಬಿಡುತ್ತದೆ. ವೂಫರಿನ ದಾರಿಯ ಕಾಯಿಲ್ ಇದರ ತದ್ವಿರುದ್ಧ. 8 ಓಮಿನ ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ಒಂದನ್ನೇ ಹಾಕಿದರೆ ಸುಮಾರು 4,200 ಹರ್ಟ್ಸ್‌ನಿಂದ ಮೇಲಕ್ಕೆ ದಾರಿ ತೆರೆದುಕೊಳ್ಳುತ್ತದೆ. ಆ ಕೆಪಾಸಿಟರ್ ಶೇ 20ರಷ್ಟು ಹೆಚ್ಚಿದ್ದರೆ ಅದು 3,500ರ ಆಸುಪಾಸಿಗೆ ಇಳಿಯುತ್ತದೆ, ಟ್ವೀಟರ್ ತನ್ನದಲ್ಲದ ಭಾರ ಹೊರುತ್ತದೆ. ಒಳಗೆ ದ್ರಾವಣವಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಶೇ 10ರಿಂದ 20ರಷ್ಟು ವ್ಯತ್ಯಾಸ ಮಾಮೂಲು. ಪಾಲಿಪ್ರೊಪಿಲೀನ್ ಫಿಲ್ಮಿನದು, ಅಂದರೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಮಾಡಿದ್ದು, ಶೇ 5 ಅಥವಾ ಅದಕ್ಕಿಂತ ಕಡಿಮೆಯಲ್ಲಿ ನಿಲ್ಲುತ್ತದೆ, ಒಣಗುವುದೂ ಇಲ್ಲ. ಫಿಲ್ಮ್ ಮೇಲು ಎನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಹೊಸದಾಗಿ ವಿನ್ಯಾಸ ಮಾಡುವವರು ಅದನ್ನೇ ಹಾಕಲಿ, ಐದು ಲಕ್ಷ ಇಸಕೊಂಡ ಮೇಲೆ ಹಾಕಲೇಬೇಕು.

ಆದರೆ ಎಲೆಕ್ಟ್ರೋಲಿಟಿಕ್ ಇಟ್ಟುಕೊಂಡೇ ವಿನ್ಯಾಸ ಮಾಡಿದ ಸ್ಪೀಕರಿಗೆ ಫಿಲ್ಮ್ ಹಾಕಿದಾಗ ಆಗುವುದೇ ಬೇರೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗನೊಬ್ಬ ಮೂವತ್ತು ಸಾವಿರ ಚಿಲ್ಲರೆ ಸುರಿದು ಹೊರದೇಶದಿಂದ ಕೆಪಾಸಿಟರ್ ತರಿಸಿ, ತಾನೇ ಹಾಕಿ, ಒಂದು ತಿಂಗಳು ಕೇಳಿ, ಕೊನೆಗೆ ಎರಡೂ ಕ್ರಾಸ್‌ಓವರ್ ಬೋರ್ಡನ್ನು ಬಿಗ್‌ಶಾಪರ್ ಚೀಲದಲ್ಲಿ ತಂದ.

‘ಆಂಟಿ, ವಯಲಿನ್ ಕೇಳೋಕೆ ಆಗ್ತಿಲ್ಲ. ಚುಚ್ಚುತ್ತೆ. ಬರ್ನ್ ಇನ್ ಆಗಬೇಕು, ಇನ್ನೂರು ಗಂಟೆ ಓಡಿಸಿ ಅಂತಾರೆ.’

‘ಇನ್ನೂರು ಗಂಟೆ ಓಡಿಸಿದರೆ ಕೆಪಾಸಿಟರ್ ಬದಲಾಗಲ್ಲಪ್ಪ, ನಿನ್ನ ಕಿವಿ ರೂಢಿಯಾಗುತ್ತೆ. ಹಳೇದು ಇದೆಯಾ?’

ಪುಣ್ಯಕ್ಕೆ ಇಟ್ಟುಕೊಂಡಿದ್ದ, ಸಣ್ಣ ಜಿಪ್ ಕವರಿನಲ್ಲಿ. 6.8 ಮೈಕ್ರೋಫ್ಯಾರಡ್ ಬೈಪೋಲಾರ್ ಎಲೆಕ್ಟ್ರೋಲಿಟಿಕ್. ಬಿಡಿಭಾಗ ಅಳೆಯುವ ಎಲ್‌ಸಿಆರ್ ಮೀಟರಿಗೆ ಹಿಡಿದೆ. ಬೆಲೆ ಸರಿಯಾಗೇ ಇತ್ತು, ಒಳಗಿನ ಪ್ರತಿರೋಧ, ನಾವು ಇಎಸ್‌ಆರ್ ಅನ್ನುವುದು, ಅರ್ಧ ಓಮಿಗಿಂತ ತುಸು ಹೆಚ್ಚು. ಹೊಸ ಫಿಲ್ಮಿನದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 6 ಓಮಿನ ಟ್ವೀಟರಿನ ದಾರಿಯಿಂದ ಅರ್ಧ ಓಮ್ ತೆಗೆದರೆ ಸದ್ದು ಮುಕ್ಕಾಲು ಡೆಸಿಬೆಲ್‌ನಷ್ಟು ಏರುತ್ತದೆ. ಮುಕ್ಕಾಲು ಡೆಸಿಬೆಲ್ ಎಂದರೆ ಕಡಿಮೆ ಅನ್ನಿಸಬಹುದು. ಒಂದೇ ಸ್ವರದಲ್ಲಿ ಏರಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಟ್ವೀಟರಿನ ಇಡೀ ಹರವು ಒಟ್ಟಿಗೆ ಏರಿದಾಗ ಮಾತ್ರ ಮೊದಲ ದಿನ ‘ಆಹಾ, ಎಷ್ಟು ಸ್ಪಷ್ಟ’, ಹದಿನೈದು ದಿನಕ್ಕೆ ತಲೆನೋವು. ವಿನ್ಯಾಸ ಮಾಡಿದವನು ಆ ಅರ್ಧ ಓಮನ್ನು ಲೆಕ್ಕಕ್ಕೆ ತೆಗೆದುಕೊಂಡೇ ಉಳಿದದ್ದನ್ನು ಹೊಂದಿಸಿದ್ದ.

ಬೋರ್ಡಿನ ಮೇಲೆ ಇನ್ನೊಂದು ಎಡವಟ್ಟಾಗಿತ್ತು. ಹೊಸ ಕೆಪಾಸಿಟರ್ ಪೌಡರ್ ಡಬ್ಬಿಯ ಗಾತ್ರದ್ದು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ ಬೋರ್ಡನ್ನೇ ಬಗ್ಗಿಸಿತ್ತು. ಅದಕ್ಕೆ ಜಾಗ ಮಾಡಲು ಹುಡುಗ ಒಂದು ಕಾಯಿಲನ್ನು ಬಿಡಿಸಿ ಪಕ್ಕದ ಕಾಯಿಲಿನ ಸಮಕ್ಕೆ ಮಲಗಿಸಿ ಅಂಟಿಸಿದ್ದ. ಕಾರ್ಖಾನೆಯವರು ಒಂದನ್ನು ಮಲಗಿಸಿ ಒಂದನ್ನು ನಿಲ್ಲಿಸಿದ್ದರು, ನಡುವೆ ಅಂತರವನ್ನೂ ಬಿಟ್ಟಿದ್ದರು. ಕಾಯಿಲುಗಳನ್ನು ಲಂಬಕೋನದಲ್ಲಿ ಇಡದಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹಾಯುತ್ತದೆ, ವೂಫರಿಗೆ ಹೋಗಬೇಕಾದ್ದು ಕದ್ದು ಟ್ವೀಟರಿಗೂ ಹೋಗುತ್ತದೆ. ಬಿಸಿ ಅಂಟಿನ ಗನ್ನಿನಲ್ಲಿ ಒಂದು ಚುಕ್ಕೆ ಹಾಕಿ ನಿಲ್ಲಿಸಿದ್ದರಿಂದ ಜೋರಾದ ಬೇಸ್ ಬಂದಾಗ ಕೆಪಾಸಿಟರ್ ತಾನೇ ಗಡಗಡ ಅನ್ನುತ್ತಿತ್ತು ಬೇರೆ.

ಕಾಯಿಲನ್ನು ಮೊದಲಿನ ಜಾಗಕ್ಕೆ ತಂದೆ. ಕೆಪಾಸಿಟರನ್ನು ಬೋರ್ಡಿನಿಂದ ಕೆಳಗಿಳಿಸಿ ಪೆಟ್ಟಿಗೆಯ ತಳಕ್ಕೆ ಕೇಬಲ್ ಟೈ ಬಿಗಿದು ಕೂರಿಸಲು ಹೇಳಿದೆ. ಅದರ ಸಾಲಿನಲ್ಲಿ 0.56 ಓಮಿನ ಒಂದು ರೆಸಿಸ್ಟರ್ ಹಾಕಿದೆ. ಸಿಮೆಂಟಿನದು, ಸಾರ್, ಕೆಲವು ರೂಪಾಯಿಯದು. ವಯಲಿನ್ ಸರಿಹೋಯಿತು. ಹುಡುಗನಿಗೆ ಮೂವತ್ತು ಸಾವಿರ ನೆನಪಾಗಿ ಮುಖ ಸಪ್ಪಗಾಯಿತು. ‘ಹಾಗಾದರೆ ವೂಫರಿನ ಕಾಯಿಲೂ ಬದಲಾಯಿಸೋದು ಬೇಡ್ವಾ ಆಂಟಿ?’ ಎಂದ. ಬೇಡ ಎಂದೆ. ಆ ಕಾಯಿಲಿನ ತಂತಿಯ ಪ್ರತಿರೋಧವೂ ಪೆಟ್ಟಿಗೆಯ ಬೇಸ್ ಲೆಕ್ಕದೊಳಗೆ ಸೇರಿರುತ್ತದೆ. 1960, 70ರ ದಶಕಗಳಲ್ಲಿ ಥೀಲ್ ಮತ್ತು ಸ್ಮಾಲ್ ಎಂಬ ಇಬ್ಬರು ಎಂಜಿನಿಯರುಗಳು ಪೆಟ್ಟಿಗೆ, ವೂಫರ್ ಎರಡನ್ನೂ ಒಂದೇ ಲೆಕ್ಕಕ್ಕೆ ತಂದ ಮೇಲೆ ಇದು ಗುಟ್ಟಿನ ವಿದ್ಯೆಯೇನಲ್ಲ.

ಆ ತೆಳ್ಳನೆಯ ವೈರಿನ ಜಾಗಕ್ಕೆ ಬೆಳ್ಳಿ ವೈರು ಹಾಕುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪೆಟ್ಟಿಗೆಯೊಳಗಿನ ಒಂದಡಿ ಮಾಮೂಲಿ 18 ಗೇಜ್ ತಾಮ್ರದ ವೈರು ಹೋಗಿ ಬರುವುದು ಸೇರಿ ಸುಮಾರು 0.013 ಓಮ್. 8 ಓಮಿನ ಮುಂದೆ ಅದು ಡೆಸಿಬೆಲ್‌ನ ನೂರರಲ್ಲಿ ಒಂದೂವರೆ ಪಾಲಿಗಿಂತ ಕಡಿಮೆ. ಬೆಳ್ಳಿ ತಾಮ್ರಕ್ಕಿಂತ ಶೇ 5ರಿಂದ 6ರಷ್ಟು ಮಾತ್ರ ಚೆನ್ನಾಗಿ ವಿದ್ಯುತ್ ಹಾಯಿಸುತ್ತದೆ. ಮಿಕ್ಕ ಲೆಕ್ಕ ಓದುಗರೇ ಹಾಕಲಿ. ಬೆಳ್ಳಿ ಬೇಕಿದ್ದರೆ ಅವೆನ್ಯೂ ರೋಡಿನಲ್ಲಿ ಕಾಲುಗೆಜ್ಜೆ ತೆಗೆದುಕೊಳ್ಳಲಿ.

ಹಾಗಾದರೆ ಬದಲಾಯಿಸಬೇಕಾದ್ದು ಏನೂ ಇಲ್ಲವೇ? ಬೇಕಾದಷ್ಟಿದೆ, ಆದರೆ ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ನನ್ನ ಮೇಜಿಗೆ ಬರುವ ಸ್ಪೀಕರುಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ವೂಫರಿನ ಅಂಚಿನ ಫೋಮ್‌ನಿಂದ. ಹೆಸರಾಂತ ಕಂಪನಿಗಳೂ ಅದುರಿ ಸದ್ದು ಹೊರಡಿಸುವ ಕೋನಿನ ಸುತ್ತ ಫೋಮ್ ಅಂಟಿಸುತ್ತಿದ್ದವು. ಹದಿನೈದು ಇಪ್ಪತ್ತು ವರ್ಷಕ್ಕೆ ಅದು ಜಿಗುಟಾಗಿ, ಬೆರಳು ತಾಗಿಸಿದರೆ ಪುಡಿಯಾಗಿ ಉದುರುತ್ತದೆ. ನಮ್ಮ ಸೆಖೆ, ತೇವ ಎರಡೂ ಅದಕ್ಕೆ ಶತ್ರು. ಉಡುಪಿ, ಮಂಗಳೂರಿನಿಂದ ಬರುವ ಪೆಟ್ಟಿಗೆಗಳಲ್ಲಿ ಸ್ಕ್ರೂಗಳೂ ತುಕ್ಕು ಹಿಡಿದಿರುತ್ತವೆ, ಸಾಗರ ತೀರ್ಥಹಳ್ಳಿ ಕಡೆಯವಕ್ಕೆ ಕಾಗದದ ಕೋನಿನ ಮೇಲೆ ಬೂಷ್ಟು. ಹೊಸ ಫೋಮ್ ರಿಂಗ್ ಅಂಟಿಸುವುದು ತಾಳ್ಮೆಯ ಕೆಲಸ. ಹಳೆಯ ಗೋಂದನ್ನು ಕೋನ್ ಹರಿಯದಂತೆ ಕೆರೆದು ತೆಗೆಯಬೇಕು. ನಡುವಿನ ಡಸ್ಟ್ ಕ್ಯಾಪ್ ಬಿಡಿಸಿ, ಕೋನಿಗೆ ಅಂಟಿದ ವಾಯ್ಸ್ ಕಾಯಿಲಿನ ಸುತ್ತ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ತೂರಿಸಿ, ಕಾಯಿಲ್ ಅಯಸ್ಕಾಂತದ ಗ್ಯಾಪಿನ ಮಧ್ಯಕ್ಕೆ ನಿಂತ ಮೇಲೇ ಅಂಟು ಹಾಕಬೇಕು. ಅಂಟು ಒಣಗುವ ತನಕ ಮುಟ್ಟಬಾರದು. ಆಮೇಲೆ ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಒತ್ತಿ ಬಿಟ್ಟಾಗ ಸರ್ ಎಂಬ ಉಜ್ಜಾಟ ಕೇಳಿದರೆ ಮತ್ತೆ ಮೊದಲಿಂದ. ಒಂದು ಕೂದಲೆಳೆಯಷ್ಟು ಓರೆಯಾದರೂ ಕೇಳುತ್ತದೆ.

ಇನ್ನೊಂದು, ಟ್ವೀಟರಿನೊಳಗಿನ ಫೆರೋಫ್ಲೂಯಿಡ್. ಕಪ್ಪನೆಯ, ಅಯಸ್ಕಾಂತಕ್ಕೆ ಅಂಟುವ ಎಣ್ಣೆ. 1963ರಲ್ಲಿ ನಾಸಾದ ವಿಜ್ಞಾನಿಯೊಬ್ಬರು, ಭಾರವಿಲ್ಲದ ಆಕಾಶದಲ್ಲಿ ರಾಕೆಟ್ಟಿನ ಇಂಧನವನ್ನು ಅಯಸ್ಕಾಂತದಿಂದ ಎಳೆಯಬಹುದೇ ಎಂದು ಮಾಡಿದ್ದಿದು. ರಾಕೆಟ್ಟಿಗಿಂತ ಹೆಚ್ಚಾಗಿ ಸ್ಪೀಕರಿಗೆ ಉಪಯೋಗಕ್ಕೆ ಬಂತು. ವಾಯ್ಸ್ ಕಾಯಿಲಿನ ಬಿಸಿಯನ್ನು ಹೊರಕ್ಕೆ ಸಾಗಿಸುತ್ತದೆ, ಅತಿಯಾದ ಕುಣಿತವನ್ನು ಹಿಡಿಯುತ್ತದೆ. ದಶಕಗಳಾದ ಮೇಲೆ ಗಟ್ಟಿಯಾಗಿ ಕಾಕಂಬಿಯಂತಾಗುತ್ತದೆ, ಟ್ವೀಟರ್ ಮಂಕಾಗುತ್ತದೆ. ಮಾಲೀಕರು ಕೆಪಾಸಿಟರ್ ಬದಲಿಸುತ್ತ ಕೂರುತ್ತಾರೆ, ರೋಗ ಇರುವುದು ಇಲ್ಲಿ. ಗ್ಯಾಪ್ ಶುಚಿ ಮಾಡಿ, ಆ ಟ್ವೀಟರಿಗೆ ಹೇಳಿದ ದಪ್ಪದ ದ್ರವವನ್ನು ಹೇಳಿದಷ್ಟೇ ತುಂಬಿದರೆ ಮುಗಿಯಿತು.

ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೂ ನಾನು ಬದಲಿಸುತ್ತೇನೆ, ಅಳೆದು. ಈ ಜಾತಿಯ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಅರ್ಧಕ್ಕರ್ಧ ಇಳಿಯುತ್ತದೆ ಎನ್ನುವುದು ನಮ್ಮ ಕಸುಬಿನ ಸೂತ್ರ. ಹೀಗಾಗಿ ಆಂಪ್ಲಿಫೈಯರಿನ ಹೀಟ್‌ಸಿಂಕ್ ಪಕ್ಕದಲ್ಲಿ ಕೂತದ್ದು ಬೇಗ ಸಾಯುತ್ತದೆ, ಸ್ಪೀಕರಿನ ಪೆಟ್ಟಿಗೆಯೊಳಗೆ ತಣ್ಣಗೆ ಕೂತದ್ದು ಬಹಳ ಕಾಲ ಬಾಳುತ್ತದೆ. ಇಎಸ್‌ಆರ್ 2 ಓಮ್ ಮುಟ್ಟಿದ್ದರೆ 6 ಓಮಿನ ಟ್ವೀಟರಿಗೆ ಎರಡೂವರೆ ಡೆಸಿಬೆಲ್ ನಷ್ಟ. ಅದನ್ನು ತೆಗೆಯಲೇಬೇಕು. ಮಿತಿಯೊಳಗಿದ್ದರೆ ಮುಟ್ಟುವುದಿಲ್ಲ, ಗಿರಾಕಿ ದುಡ್ಡು ಕೊಡುತ್ತೇನೆಂದರೂ. ಹೊಸದನ್ನೂ ಹಾಕುವ ಮೊದಲು ಅಳೆಯುತ್ತೇನೆ. ದೊಡ್ಡ ಹೆಸರಿನ ಸ್ಟಿಕರ್ ಹೊತ್ತ ನಕಲಿ ಮಾಲು ಅಂಗಡಿಯಲ್ಲೂ ಬರುತ್ತದೆ, ಆನ್‌ಲೈನಿನಲ್ಲೂ ಬರುತ್ತದೆ.

ಲೇಖಕರ ಸಿಟ್ಟಿನಲ್ಲಿ ಒಂದು ಪಾಲು ನನಗೂ ಇದೆ, ಗುರಿ ಮಾತ್ರ ಬೇರೆ. ಲಕ್ಷಾಂತರ ರೂಪಾಯಿ ಕೊಟ್ಟವರಿಗೆ ಕಂಪನಿ ಕೊಡುವ ಪುಸ್ತಕದಲ್ಲಿ ಏನಿರುತ್ತದೆ? ಹದಿನಾಲ್ಕು ಭಾಷೆಯಲ್ಲಿ ಬಿಸಿಲಿಗಿಡಬೇಡಿ, ನೀರು ಹಾಕಬೇಡಿ ಎಂಬ ಎಚ್ಚರಿಕೆ. ಕ್ರಾಸ್‌ಓವರಿನ ಸರ್ಕ್ಯೂಟ್ ಇಲ್ಲ, ಬಿಡಿಭಾಗಗಳು ಎಷ್ಟು ಓಮ್, ಎಷ್ಟು ಮೈಕ್ರೋಫ್ಯಾರಡ್ ಎಂಬುದಿಲ್ಲ, ಅಳತೆಯ ಗ್ರಾಫ್ ಇಲ್ಲ. ಕೆಲವರು ಬೋರ್ಡಿನ ಮೇಲೆ ಕಪ್ಪು ರಾಳ ಸುರಿದು ಮುಚ್ಚಿರುತ್ತಾರೆ, ರೆಸಿಸ್ಟರಿನ ಮೇಲಿನ ಅಕ್ಷರ ಉಜ್ಜಿರುತ್ತಾರೆ. ಕಳೆದ ವರ್ಷ ವಿಧವೆಯೊಬ್ಬರು ಗಂಡನ ಸ್ಪೀಕರ್ ತಂದರು, ಒಂದು ಟ್ವೀಟರ್ ಸುಟ್ಟಿತ್ತು. ಆ ಬ್ರ್ಯಾಂಡಿನ ವಿತರಕರಿಗೆ ಫೋನು ಮಾಡಿದೆ. ‘ಆ ಮಾಡೆಲ್ ನಿಂತು ಏಳು ವರ್ಷ ಆಯ್ತು ಮೇಡಂ, ಎಕ್ಸ್‌ಚೇಂಜ್ ಆಫರಿನಲ್ಲಿ ಹೊಸದು ತಗೊಳ್ಳಿ’ ಎಂದರು. ಸರ್ಕ್ಯೂಟಾದರೂ ಕಳಿಸಿ, ಹೊಂದುವ ಬೇರೆ ಟ್ವೀಟರಿಗೆ ಲೆಕ್ಕ ಹಾಕಿಕೊಳ್ಳುತ್ತೇನೆ ಎಂದರೆ ‘ಅದು ಕಂಪನಿ ಸೀಕ್ರೆಟ್’. ನಾಲ್ಕು ಕಾಯಿಲ್, ಐದು ಕೆಪಾಸಿಟರ್! ಒಂದು ಸಂಜೆ ಕೂತರೆ ಯಾವ ಟೆಕ್ನೀಷಿಯನ್ ಬೇಕಾದರೂ ಬಿಡಿಸಿ ಬರೆಯಬಹುದಾದ ಗುಟ್ಟು. ನಾನೂ ಹಾಗೇ ಬರೆದುಕೊಂಡೆ, ಸಂಜೆಯ ದುಡ್ಡು ಆಕೆಯ ಬಿಲ್ಲಿಗೆ ಸೇರಿತು. ಅದೇ ಬಿಬಿಸಿ ಎಲ್‌ಎಸ್3/5ಎ ವಿನ್ಯಾಸದ ವರದಿಯನ್ನು 1976ರಲ್ಲೇ ಪ್ರಕಟಿಸಿತ್ತು. ಆ ಸ್ಪೀಕರಿಗೆ ಅದರಿಂದ ಗಿರಾಕಿ ತಪ್ಪಿಹೋಗಲಿಲ್ಲ, ಇವತ್ತಿಗೂ ಬೇರೆ ಬೇರೆ ಕಂಪನಿಗಳು ಅದನ್ನು ಮಾಡಿ ಮಾರುತ್ತಿವೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ವಸ್ತುಗಳ ರಿಪೇರಿಗೆ ಬೇಕಾದ ಮಾಹಿತಿ ಗ್ರಾಹಕರಿಗೆ ಸಿಗಲೆಂದು ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರ ಹಿಡಿದು ಆರಂಭಿಸಿದರು. ಸ್ಪೀಕರ್ ಮಾರುವವರೂ ಸರ್ಕ್ಯೂಟ್ ಮತ್ತು ಬಿಡಿಭಾಗಗಳ ಪಟ್ಟಿಯನ್ನು ಪುಸ್ತಕದಲ್ಲೇ ಅಚ್ಚು ಹಾಕಲಿ, ಮಾಡೆಲ್ ನಿಲ್ಲಿಸಿದ ಮೇಲೆ ಹತ್ತು ವರ್ಷವಾದರೂ ವೂಫರ್, ಟ್ವೀಟರ್ ಒದಗಿಸಲಿ. ಪತ್ರಿಕೆಯವರು ಕೇಳಬೇಕಾದ್ದು ಇದು. ಒಳಗಿನ ರೆಸಿಸ್ಟರ್ ಹತ್ತು ರೂಪಾಯಿಯದೇ ಆಗಿದ್ದರೆ ಆಗಲಿ, ಅದು ಎಷ್ಟು ಓಮ್ ಎಂದು ಗೊತ್ತಾದರೆ ನನ್ನಂಥವಳು ಹೊಸದು ಹಾಕಿಕೊಡುತ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೂ ಅಪ್‌ಗ್ರೇಡ್ ಮಾಡಿಯೇ ತೀರುತ್ತೇವೆ ಎನ್ನುವವರು ಇರುತ್ತಾರೆ. ಮಾಡಲಿ, ಅವರ ಸ್ಪೀಕರ್, ಅವರ ದುಡ್ಡು. ಒಂದು ಪೆಟ್ಟಿಗೆಗೆ ಮಾತ್ರ ಮೊದಲು ಮಾಡಿ, ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಮೋನೋದಲ್ಲಿ (ಎರಡಕ್ಕೂ ಒಂದೇ ಸಿಗ್ನಲ್), ಒಂದೇ ಮಟ್ಟದ ಸದ್ದಿನಲ್ಲಿ ಹಾಡು ಹಾಕಿ. ಯಾವುದು ಓಡುತ್ತಿದೆ ಎಂದು ನಿಮಗೆ ಹೇಳದೆ ಮನೆಯವರೊಬ್ಬರು ಪರದೆಯ ಆಚೆ ನಿಂತು ಬದಲಿಸಲಿ. 1994ರಲ್ಲಿ ಹಾರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ತಮ್ಮದೇ ಉದ್ಯೋಗಿಗಳನ್ನು ಕೂರಿಸಿ ಇದೇ ಥರದ ಪರೀಕ್ಷೆ ಮಾಡಿದ್ದರು. ಸ್ಪೀಕರ್ ಕಣ್ಣಿಗೆ ಕಾಣುವಾಗ ಕೊಟ್ಟ ಅಂಕಗಳು ಪರದೆ ಎಳೆದಾಗ ಬದಲಾದವು. ಸ್ಪೀಕರ್ ತಯಾರಿಸುವ ಕಂಪನಿಯವರ ಕಿವಿಯೇ ಹೀಗಾದರೆ ಮೂವತ್ತು ಸಾವಿರ ಕೊಟ್ಟು ಕೂತವರ ಕಿವಿಯನ್ನು ಕೇಳಬೇಕೇ?

ದುಡ್ಡಿಲ್ಲದೆ ನಡೆದ ಅಪ್‌ಗ್ರೇಡೂ ಇದೆ. 1978ರಲ್ಲಿ ಬಂದ ಯಮಹಾ ಎನ್‌ಎಸ್-10 ಸ್ಪೀಕರಿನ ಟ್ವೀಟರ್ ಕಿರುಚುತ್ತದೆಂದು ಸ್ಟುಡಿಯೋದವರು ಅದರ ಮುಂದೆ ಟಿಶ್ಯೂ ಪೇಪರ್ ಅಂಟಿಸಿಕೊಂಡು ವರ್ಷಗಟ್ಟಲೆ ಕೆಲಸ ಮಾಡಿದರು. ಆಮೇಲೆ ಕಂಪನಿಯೇ ಟ್ವೀಟರ್ ತಿದ್ದಿದ ಹೊಸ ಆವೃತ್ತಿ ತಂದಿತು. ಎಲ್ಲಿ ತೊಂದರೆ ಎಂದು ಗೊತ್ತಿದ್ದವರಿಗೆ ಕಾಗದದ ತುಂಡೂ ಸಾಕಾಯಿತು.

ಬದಲಾಯಿಸುವವರು ಬಿಚ್ಚುವ ಮೊದಲು ಬೋರ್ಡಿನ ಫೋಟೋ ಎರಡೂ ಕಡೆಯಿಂದ ತೆಗೆದುಕೊಳ್ಳಿ. ಯಾವ ವೈರು ಯಾವ ಕಾಲಿಗೆ ಎಂದು ಬರೆದಿಡಿ, ಟ್ವೀಟರಿನ ಪ್ಲಸ್ ಮೈನಸ್ ಉಲ್ಟಾ ಜೋಡಿಸಿರುವುದು ಎಷ್ಟೋ ವಿನ್ಯಾಸಗಳಲ್ಲಿ ಬೇಕೆಂದೇ ಮಾಡಿದ್ದಿರುತ್ತದೆ, ತಪ್ಪೆಂದು ತಿದ್ದಲು ಹೋಗಬೇಡಿ. ತೆಗೆದ ಕೆಪಾಸಿಟರ್, ಕಾಯಿಲ್, ಫೆಲ್ಟಿನ ಚೂರು ಸಹ ಎಸೆಯದೆ ಕವರಿನಲ್ಲಿ ಹಾಕಿ, ಎಡ ಬಲ ಎಂದು ಬರೆದು, ಆಯಾ ಪೆಟ್ಟಿಗೆಯೊಳಗೇ ಅಂಟಿಸಿ. ಮುಂದೆ ಮಾರಲು ಹೊರಟರೆ ಹಳೆಯ ಸ್ಪೀಕರ್ ಬಲ್ಲವರು ಮೊದಲು ಕೇಳುವುದು ಮೂಲ ಭಾಗಗಳು ಇವೆಯೇ ಎಂದು. ರಿಪೇರಿಗೆ ತಂದರೆ ನಾನು ಕೇಳುವುದೂ ಅದನ್ನೇ.

ಇತಿ,
ನಿವೃತ್ತ ಪರೀಕ್ಷಕಿ, ಮತ್ತಿಕೆರೆ, ಬೆಂಗಳೂರು
(ಹೆಸರು, ಫೋನ್ ನಂಬರ್ ಪ್ರಕಟಿಸಬೇಡಿ, ಈಗಿರುವ ಪೆಟ್ಟಿಗೆಗಳಿಗೇ ಕೋಣೆಯಲ್ಲಿ ಜಾಗವಿಲ್ಲ)